ತೇಗಿನ ಡಬ್ಬಿ

ನಮ್ಮ ಬೀದಿಯಲ್ಲಿ ಇಡೀ ಕಾರು ಗೊತ್ತಿರುವವನು ಒಬ್ಬನೂ ಇಲ್ಲ. ಆದರೆ ಬೀದಿಯ ನಿವೃತ್ತರೆಲ್ಲ ಸಾಲಾಗಿ ನಿಂತರೆ ಹೆಚ್ಚುಕಡಿಮೆ ಒಂದು ಕಾರು ಆಗುತ್ತದೆ. ಸ್ಟಾಶ್ ಮ್ರೋಝ್ ನಮ್ಮ ಕಾರು ಕಂಪನಿಯ ಸೀಟು ವಿಭಾಗದಲ್ಲಿ ಜೀವಮಾನವೆಲ್ಲ ಕೂತು ಎದ್ದವನು. ಲೆಯಾನ್ ಟ್ರೆಲಾ ಬಾಗಿಲಿನ ಅಂಚಿಗೆ ಅಂಟಿಸುವ ರಬ್ಬರಿನವನು. ಈಗಲೂ ಯಾರದಾದರೂ ಮನೆಗೆ ಹೋದರೆ ಮೊದಲು ಬಾಗಿಲ ಸಂದಿಗೆ ಕೈ ಹಿಡಿದು ಗಾಳಿ ಬರುತ್ತದೆಯೇ ನೋಡಿ, ಆಮೇಲೆ ನಮಸ್ಕಾರ ಹೇಳುತ್ತಾನೆ. ನಾನು ವೈಪರ್ ವಿಭಾಗ. ಎಡವನ್ನೂ ಬಲವನ್ನೂ ಸಮನಾಗಿ ಒರೆಸಿದವನು, ಆದ್ದರಿಂದ ಬೀದಿಯ ಜಗಳಗಳಿಗೆ ನನ್ನನ್ನೇ ಮಧ್ಯಸ್ಥನಾಗಿ ಕರೆಯುತ್ತಾರೆ. ಇಂಜಿನ್ ಬಲ್ಲವನು ಫರ್ಡಿ ಒಬ್ಬನೇ. ಆ ಮಹಾನುಭಾವ ಪ್ರತಿ ವರ್ಷ ಡೆಟ್ರಾಯಿಟ್‌ನಲ್ಲಿ ಮೊದಲ ಹಿಮ ಬೀಳುವ ಮುಂಚೆಯೇ ಫ್ಲಾರಿಡಾಕ್ಕೆ ಓಡಿಹೋಗಿ, ಸಮುದ್ರದ ದಂಡೆಯ ಮೇಲೆ ಚಡ್ಡಿಯಲ್ಲಿ ನಿಂತ ಫೋಟೋ ಕಳಿಸುತ್ತಾನೆ. ಅಂಥವನಿಗೆ ಫೋನ್ ಮಾಡಿ ಸಲಹೆ ಕೇಳುವುದು ಬೀದಿಯ ಮಾನಕ್ಕೆ ಕುಂದು. ಹಾಗಾಗಿ ಚಳಿಗಾಲವಿಡೀ ನಮ್ಮ ಬೀದಿ ಇಂಜಿನ್ ಇಲ್ಲದ ಕಾರು.

ಈ ಖಾಲಿ ಸ್ಥಾನದ ಮೇಲೆ ಝೆನೋನ್ ಪೊಕ್ರಿವ್ಕಾ ಕಣ್ಣು ಹಾಕಿದ್ದ.

ಝೆನೋನ್ ಬೂದಿಬಟ್ಟಲು ವಿಭಾಗದವನು. ಕಾರಿನೊಳಗೆ ಕೂತು ಸಿಗರೇಟು ಸೇದುವುದು ಗೌರವದ ಕೆಲಸವಾಗಿದ್ದ ಕಾಲದಲ್ಲಿ ಅವನ ವಿಭಾಗಕ್ಕೂ ಗೌರವವಿತ್ತು. ಆಮೇಲೆ ದೇಶ ಸಿಗರೇಟು ಬಿಟ್ಟಿತು, ಕಂಪನಿ ಬೂದಿಬಟ್ಟಲನ್ನು ಬಿಟ್ಟಿತು, ಝೆನೋನನನ್ನು ಕಾಫಿ ಲೋಟ ಇಡುವ ತೂತಿನ ವಿಭಾಗಕ್ಕೆ ಹಾಕಿತು. ನಾವು ಕಾರಿನ ಬಗ್ಗೆ ಗಂಭೀರವಾಗಿ ಮಾತಾಡುತ್ತಿರುವಾಗ ಝೆನೋನ್ ಬಾಯಿ ತೆಗೆದರೆ ಸಾಕು, ಸ್ಟಾಶ್ ಹೆಗಲು ಕೊಡವಿಕೊಂಡು, "ಅಯ್ಯೋ, ಬೂದಿ ಉದುರ್ತಲ್ಲಪ್ಪಾ!" ಎನ್ನುತ್ತಿದ್ದ.

ನಿವೃತ್ತಿಯಾದ ವರ್ಷ ಝೆನೋನ್ ಚೆರ್ರಿ ಹಣ್ಣಿನ ಬಣ್ಣದ ಹೊಸ ಕಾರು ಕೊಂಡ. ಮೊದಲ ಹಿಮ ಬಿದ್ದು, ಪುರಸಭೆಯ ಲಾರಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಎರಚಿದ ದಿನವೇ ಅದನ್ನು ಗ್ಯಾರೇಜಿಗೆ ಸೇರಿಸಿದ. ಉಪ್ಪು ತಗುಲಿದರೆ ಕಾರಿನ ಹೊಟ್ಟೆಗೆ ತುಕ್ಕು ಹಿಡಿಯುತ್ತದೆಂದು ನಮ್ಮಲ್ಲಿ ಒಳ್ಳೆಯ ಕಾರಿಗೆಲ್ಲ ವಸಂತದವರೆಗೆ ಹೀಗೇ ಸೂತಕ. ಸಂತೆ, ಆಸ್ಪತ್ರೆ, ಚರ್ಚು ಎಲ್ಲದಕ್ಕೂ ಅವನ ಹೆಂಡತಿ ಬ್ರೋನಿಯಾಳ ಹಳೆಯ ಬೂದು ಕಾರು. ಅದರಲ್ಲಿ ಉಪ್ಪು ತಿನ್ನಲು ಜಾಗವೇ ಉಳಿದಿರಲಿಲ್ಲ.

ಹೀಗಿರುವಾಗ ಬಿಡಿಭಾಗಗಳ ಅಂಗಡಿಯವನೊಬ್ಬ ಝೆನೋನನ ಕಿವಿಯಲ್ಲಿ ಒಂದು ಸಂಶಯ ಬಿಟ್ಟ. ಝೆನೋನ್ ಅದನ್ನು ಅದೇ ಸಂಜೆ ನಮ್ಮೆಲ್ಲರ ಮುಂದೆ, ಅಂಗಡಿಯವನ ಮೂಗಿನ ದನಿಯ ಸಮೇತ ಒಪ್ಪಿಸಿದ.

"ನಿಮ್ಮ ಇಂಜಿನ್ ತನ್ನ ತೇಗನ್ನ ತಾನೇ ನುಂಗ್ತಾ ಇದೆ ಸಾರ್ ಅಂದ! ಗೊತ್ತೇನ್ರೋ ನಿಮಗೆ? ಇಂಜಿನ್ನಿಗೂ ತೇಗು ಬರತ್ತೆ. ಉರಿದ ಹೊಗೆ ಸ್ವಲ್ಪ ಪಿಸ್ಟನ್ ಸಂದಿಯಿಂದ ಕೆಳಗೆ, ಎಣ್ಣೆ ಇರೋ ಹೊಟ್ಟೆಗೆ ಇಳಿಯತ್ತೆ. ಅಲ್ಲಿಂದ ಎಣ್ಣೆಯ ಆವಿ ಹೊತ್ಕೊಂಡು ಮೇಲೆ ಬರತ್ತೆ. ಹೊರಗೆ ಬಿಟ್ರೆ ಊರಿಗೆ ಕೆಡುಕು ಅಂತ ಒಂದು ಕೊಳವೆ ಇಟ್ಟು, ಇಂಜಿನ್ ಉಸಿರೆಳೆಯೋ ದಾರಿಗೇ ವಾಪಸ್ ಕಳಿಸ್ತಾರೆ."

"ಕಳಿಸ್ಲಿ ಬಿಡು. ನಮ್ಮ ಕಾಲದ ಕಾರುಗಳೂ ನುಂಗ್ತಿದ್ವು," ಎಂದ ಲೆಯಾನ್.

"ಅವು ನುಂಗಿ ಬಾಯಿ ಮುಕ್ಕಳಿಸ್ತಿದ್ವು! ಪೆಟ್ರೋಲು ಗಾಳಿ ಒಳಬಿಡೋ ಕವಾಟದ ಬೆನ್ನ ಮೇಲೇ ಬೀಳ್ತಿತ್ತು, ಜಿಡ್ಡು ತೊಳ್ಕೊಂಡು ಹೋಗ್ತಿತ್ತು. ಈಗಿನ ಇಂಜಿನ್ನಲ್ಲಿ ಪೆಟ್ರೋಲು ನೇರ ಒಳಗೇ ಚಿಮ್ಮತ್ತೆ. ಕವಾಟಕ್ಕೆ ಸ್ನಾನವೇ ಇಲ್ಲ. ತೇಗಿನ ಜಿಡ್ಡು ಕೂತೂ ಕೂತೂ ಸುಟ್ಟು, ಬಾಣಲೆ ತಳದ ಹಾಗೆ ಕರಕಲು ಕಟ್ಟತ್ತೆ. ಕೊನೆಗೆ ಇಂಜಿನ್ನಿಗೆ ಉಬ್ಬಸ!"

ಅವನು ಉಬ್ಬಸ ಬಂದ ಇಂಜಿನ್ನಿನಂತೆ ಕೆಮ್ಮಿ ತೋರಿಸಿದ. ಇದಕ್ಕೆ ಪರಿಹಾರವಾಗಿ ಅಂಗಡಿಯವನು ಕೊಟ್ಟದ್ದೇ ಆ ಡಬ್ಬಿ. ತೇಗು ವಾಪಸ್ ಹೋಗುವ ದಾರಿಯ ನಡುವೆ ಅದನ್ನು ಕೂರಿಸಿದರೆ, ಎಣ್ಣೆ ನೀರು ಎಲ್ಲ ಅದರಲ್ಲಿ ಉಳಿದು, ಬರೀ ಗಾಳಿ ಮುಂದೆ ಹೋಗುತ್ತದೆ. ಆಗಾಗ ಬಿಚ್ಚಿ ಖಾಲಿ ಮಾಡಿದರಾಯಿತು.

"ಅಂದ್ರೆ," ಎಂದ ಸ್ಟಾಶ್ ಬಹಳ ಯೋಚನೆ ಮಾಡಿ, "ಇಂಜಿನ್ನಿಗೆ ಒಂದು ಬೂದಿಬಟ್ಟಲು."

ನಾವೆಲ್ಲ ನಕ್ಕೆವು. ಝೆನೋನ್ ನಗಲಿಲ್ಲ. ಅವನ ಮುಖದಲ್ಲಿ, ಇಷ್ಟು ವರ್ಷದ ನಂತರ ತನ್ನ ಕಸುಬು ಕೊನೆಗೂ ಇಂಜಿನ್ನಿನ ಪಕ್ಕದಲ್ಲಿ ಜಾಗ ಪಡೆಯಿತೆಂಬ ತೃಪ್ತಿ ಇತ್ತು.

ಅಂದಿನಿಂದ ಅವನಿಗೆ ಹೊಸ ದಿನಚರಿ ಶುರುವಾಯಿತು. ಬೆಳಿಗ್ಗೆ ಎದ್ದವನೇ ಅಡಿಗೆಮನೆಯ ಮೊಳೆಯಿಂದ ಕೀ ತೆಗೆದುಕೊಂಡು, ಗ್ಯಾರೇಜಿನ ಬಾಗಿಲೆತ್ತಿ, ಕಾರಿಗೆ ಮಾಡಬೇಕಾದ ಉಪಚಾರವನ್ನೆಲ್ಲ ಶ್ರದ್ಧೆಯಿಂದ ಮಾಡಿ, ಬಾನೆಟ್ ಎತ್ತಿ, ಟಾರ್ಚು ಹಿಡಿದು ಡಬ್ಬಿಯೊಳಗೆ ಇಣುಕುವುದು. ತೊಟ್ಟಿಲಲ್ಲಿ ಮಲಗಿದ ಮೊಮ್ಮಗನನ್ನೂ ಅವನು ಅಷ್ಟು ಅಕ್ಕರೆಯಿಂದ ಇಣುಕಿ ನೋಡಿದ್ದನ್ನು ನಾನು ಕಾಣೆ.

ಜನವರಿಯ ಒಂದು ಬೆಳಿಗ್ಗೆ ಅವನು ಚಪ್ಪಲಿಯಲ್ಲೇ ಹಿಮ ತುಳಿದುಕೊಂಡು ನಮ್ಮ ಮನೆಗೆ ಬಂದ. ಕೈಯಲ್ಲಿ ಡಬ್ಬಿ. ಮುಖ ಡಬ್ಬಿಯೊಳಗಿನದರ ಬಣ್ಣವೇ ಆಗಿತ್ತು.

"ನೋಡು."

ನೋಡಿದೆ. ಅರ್ಧ ಡಬ್ಬಿ, ಹಾಲು ಹೆಚ್ಚಾದ ಕಾಫಿಯಂಥ ಮಂದ ದ್ರವ.

"ಎಣ್ಣೆಗೆ ನೀರು ಸೇರಿದ್ರೆ ಹೀಗಾಗತ್ತೆ. ಚಳೀಲಿ ಇಂಜಿನ್ ಶುರುಮಾಡಿ, ಅದು ಸರಿಯಾಗಿ ಕಾಯೋದಕ್ಕೆ ಮುಂಚೆ ಆರಿಸಿಬಿಟ್ರೆ ಒಳಗೆಲ್ಲ ಬೆವರು. ಅಂಗಡಿಯವನಿಗೆ ಫೋನ್ ಮಾಡಿ ಕೇಳ್ದೆ. ಯಾರೋ ಇದನ್ನ ಚೂರು ಚೂರೇ ಓಡಿಸ್ತಿದಾರೆ ಸಾರ್, ಅಂದ."

"ನೀನು ಓಡಿಸ್ತಿಲ್ವಾ?"

"ಈ ಉಪ್ಪಿನ ರಸ್ತೇಲಾ?" ಝೆನೋನ್ ನನ್ನನ್ನು ನೋಡಿದ ರೀತಿಗೆ ನಾನು ಕ್ಷಮೆ ಕೇಳಿದೆ. "ಗ್ಯಾರೇಜ್ ಸೇರಿದ ಮೇಲೆ ಚಕ್ರ ಒಂದು ಸುತ್ತು ತಿರುಗಿಲ್ಲ. ಮೈಲಿ ತೋರಿಸೋ ಅಂಕಿ ಅಲ್ಲಾಡಿಲ್ಲ. ಆದ್ರೆ ಪೆಟ್ರೋಲ್ ಮುಳ್ಳು ಇಳಿದಿದೆ! ಡಬ್ಬಿ ಖಾಲಿ ಮಾಡಿದ್ರೆ ಮತ್ತೆ ತುಂಬತ್ತೆ. ಯಾರೋ ನನ್ನ ಕಾರಲ್ಲಿ ಬಂದು ಕೂತು, ಇಂಜಿನ್ ಹಾಕಿ, ಎದ್ದು ಹೋಗ್ತಿದಾರೆ!"

ಇಂಥ ಗಹನವಾದ ವಿಷಯವನ್ನು ವೈಪರಿನವನೊಬ್ಬನೇ ಇತ್ಯರ್ಥ ಮಾಡಲಾಗದು. ಮಧ್ಯಾಹ್ನ ತಜ್ಞರ ಮಂಡಳಿ ಗ್ಯಾರೇಜಿನಲ್ಲಿ ಸೇರಿತು.

ಮೊದಲು ಸ್ಟಾಶ್. ಕೋಟು ಬಿಚ್ಚಿ, ಚಾಲಕನ ಸೀಟಿನ ಮುಂದೆ ಮಂಡಿಯೂರಿ, ಅಂಗೈಯಿಂದ ಒತ್ತಿ, ಕೆನ್ನೆ ಇಟ್ಟು, ಕಣ್ಣು ಮುಚ್ಚಿದ. ರೋಗಿಯ ಮನೆಯವರಂತೆ ನಾವು ಉಸಿರು ಬಿಗಿಹಿಡಿದು ನಿಂತೆವು.

"ದಿನಾ ಕೂತಿದಾರೆ," ಎಂದ ಕೊನೆಗೆ. "ಸ್ಪಂಜು ದಣಿದಿದೆ. ಭಾರವಾದ ಆಸಾಮಿ. ಎಡಕ್ಕೆ ವಾಲಿ ಕೂರೋರು. ಬಲಗಡೆ ಪೂರ್ತಿ ಊರ್ತಾ ಇಲ್ಲ."

ಆಮೇಲೆ ಲೆಯಾನ್. ಬಾಗಿಲಿನ ರಬ್ಬರಿನುದ್ದಕ್ಕೂ ಬೆರಳಾಡಿಸಿ, ಬೆರಳ ತುದಿಯನ್ನು ಬೆಳಕಿಗೆ ಹಿಡಿದ. ಬಿಳಿ ಪುಡಿ. ನಾಲಗೆಗೆ ಮುಟ್ಟಿಸಿಕೊಂಡ. ಅವನ ಹುಬ್ಬು ಹಣೆಯನ್ನು ದಾಟಿ ಟೋಪಿಯೊಳಗೆ ಹೋಯಿತು.

"ಸಕ್ಕರೆ. ಪೋಂಚ್ಕಿ ಮೇಲೆ ಉದುರಿಸ್ತಾರಲ್ಲ, ಆ ಸಕ್ಕರೆ ಪುಡಿ. ರಬ್ಬರು ಸುಳ್ಳು ಹೇಳಲ್ಲ."

ಪೋಂಚ್ಕಿ ಎಂದರೆ ಒಳಗೆ ಹಣ್ಣಿನ ಪಾಕ ತುಂಬಿ ಕರಿದ, ಮುಷ್ಟಿ ಗಾತ್ರದ ನಮ್ಮ ಪೋಲಿಷ್ ಸಿಹಿ. ಉಪವಾಸದ ಕಾಲ ಬರುವ ಮುಂಚೆ ಆದಷ್ಟೂ ತಿಂದು ಮುಗಿಸಬೇಕೆಂದು ನಮ್ಮ ಜನ ಜನವರಿಯಿಂದಲೇ ಅಭ್ಯಾಸ ಶುರುಮಾಡುತ್ತಾರೆ.

ಬ್ರೋನಿಯಾಳ ಬಲ ಮಂಡಿಗೆ ಕಳೆದ ವರ್ಷವಷ್ಟೇ ಶಸ್ತ್ರಚಿಕಿತ್ಸೆಯಾಗಿ, ಅವಳು ಎಡಕ್ಕೆ ವಾಲಿಯೇ ಕೂರುತ್ತಿದ್ದಳು. ಡಾಕ್ಟರು ಅವಳಿಗೆ ಸಿಹಿ ಮುಟ್ಟಬೇಡ ಎಂದಿದ್ದರು. ಕೀ ತೂಗುವುದು ಅವಳ ಅಡಿಗೆಮನೆಯಲ್ಲಿ. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರೂ ಛಾವಣಿ ನೋಡಿದೆವು.

"ಕದ್ದು ತಿನ್ನೋದಾದ್ರೆ ತಿನ್ಲಿ," ಎಂದ ಝೆನೋನ್ ಸಣ್ಣ ದನಿಯಲ್ಲಿ. "ಅದಕ್ಕೆ ಇಂಜಿನ್ ಯಾಕೆ?"

"ಹೀಟರಿಗೆ," ಎಂದ ಸ್ಟಾಶ್. "ನಿಂತ ಕಾರಲ್ಲಿ ಹೀಟರ್ ಹಾಕ್ಕೊಂಡು ಹೆಂಗಸರು ಎರಡೇ ಕೆಲಸ ಮಾಡೋದು ಕಣೋ. ಒಂದು ಅಳೋದು. ಇನ್ನೊಂದು ಫೋನಲ್ಲಿ ಮಾತಾಡೋದು."

"ಯಾರ ಹತ್ರ?"

"ಅದನ್ನ ಸೀಟು ಹೇಳಲ್ಲ."

ಅಲ್ಲಿಗೆ ಝೆನೋನನ ನೆಮ್ಮದಿ ಹೋಯಿತು. ದಿನಕ್ಕೊಮ್ಮೆ ಇಣುಕುತ್ತಿದ್ದವನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಇಣುಕತೊಡಗಿದ. ಅವನು ಹೆಚ್ಚು ಹೆಚ್ಚು ಕಾವಲು ಕಾದಂತೆ ಡಬ್ಬಿ ಬೇಗ ಬೇಗ ತುಂಬತೊಡಗಿತು. "ನೋಡಿದ್ಯಾ, ನನಗೆ ಗೊತ್ತಾಗಿದೆ ಅಂತ ಅವಳಿಗೂ ಗೊತ್ತಾಗಿದೆ. ಧೈರ್ಯ ಜಾಸ್ತಿ ಆಗಿದೆ," ಎಂದ ನನ್ನೊಡನೆ. ಬ್ರೋನಿಯಾ ಹಾಡು ಗುನುಗಿದರೆ ಸಂಶಯ, ಗುನುಗದಿದ್ದರೆ ಇನ್ನೂ ಸಂಶಯ. ಅವಳು ಪ್ರೀತಿಯಿಂದ ಊಟ ಬಡಿಸಿದ ದಿನ ಅವನಿಗೆ ನಿದ್ದೆಯೇ ಬರಲಿಲ್ಲವಂತೆ.

ಚರ್ಚಿನ ನೆಲಮಾಳಿಗೆಯಲ್ಲಿ ಪಿರೋಗಿ ಊಟದ ಸಂಜೆ ಇದು ಸಿಡಿಯಿತು. ಬ್ರೋನಿಯಾ ಸೌಟು ಹಿಡಿದು ಆಲೂಗಡ್ಡೆ ತುಂಬಿದ ಕಡುಬಿನಂಥ ಪಿರೋಗಿ ಬಡಿಸುತ್ತಿದ್ದಳು. ಝೆನೋನ್ ತಟ್ಟೆ ಹಿಡಿದು ಸಾಲಿನಲ್ಲಿ ಬಂದ. ಅವನ ಹಿಂದೆ ನಾನು, ನನ್ನ ಹಿಂದೆ ಚರ್ಚಿನ ಜನವೆಲ್ಲ.

"ಈರುಳ್ಳಿ ಹಾಕ್ಲಾ?" ಎಂದಳು.

"ನೀನು ಯಾರ ಹತ್ರ ಮಾತಾಡ್ತೀಯ?" ಎಂದ.

"ಈಗಾ? ನಿನ್ನ ಹತ್ರ. ಈರುಳ್ಳಿ ಬೇಕಾ ಬೇಡ್ವಾ?"

"ಕಾರಲ್ಲಿ, ಬ್ರೋನಿಯಾ! ಹೀಟರ್ ಹಾಕ್ಕೊಂಡು! ಪೋಂಚ್ಕಿ ತಿಂದ್ಕೊಂಡು! ಡಬ್ಬಿ ಎಲ್ಲಾ ಹೇಳಿದೆ ನನಗೆ. ಸ್ಟಾಶ್ ಸೀಟಿಗೆ ಕೆನ್ನೆ ಇಟ್ಟು ನೋಡಿದಾನೆ!"

ಸಾಲಿನಲ್ಲಿದ್ದ ಸ್ಟಾಶ್ ತನ್ನ ಕೆನ್ನೆಯನ್ನು ಕೈಯಿಂದ ಮುಚ್ಚಿಕೊಂಡ. ಬ್ರೋನಿಯಾ ಸೌಟನ್ನು ಪಾತ್ರೆಯಲ್ಲಿ ನಿಧಾನವಾಗಿ ಇಟ್ಟಳು. ಎಸೆದಿದ್ದರೆ ವಾಸಿಯಿತ್ತು.

"ನಲವತ್ತು ವರ್ಷ ಸಂಸಾರ ಮಾಡಿದೀನಿ. ನನ್ನ ಮೇಲೆ ದೂರು ಹೇಳೋದಕ್ಕೆ ನಿನಗೆ ಸಿಕ್ಕಿದ ಸಾಕ್ಷಿ ಒಂದು ಡಬ್ಬಿ ಮೇಯನೇಸು?"

"ಮೇಯನೇಸಲ್ಲ, ಅದು ಎಣ್ಣೆ ನೀರು ಬೆರೆತು..."

"ಬರ್ತೀನಿ," ಎಂದಳು. ಏಪ್ರನ್ ಬಿಚ್ಚಿ ಅವನ ತಟ್ಟೆಯ ಮೇಲೆ ಹೊದಿಸಿ ಹೊರಟಳು. ಬೂದು ಕಾರಿನಲ್ಲಿ ನೇರ ಗ್ರ್ಯಾಂಡ್ ರ‍್ಯಾಪಿಡ್ಸ್‌ನ ತಂಗಿಯ ಮನೆಗೆ. ಇಡೀ ಮಿಶಿಗನ್ನಿನ ಅಗಲ ಅವರಿಬ್ಬರ ನಡುವೆ ಬಿತ್ತು. ಮನೆಯಲ್ಲಿ ಉಳಿದವರು ಝೆನೋನ್ ಮತ್ತು ಬ್ರೋನಿಯಾಳ ತಾಯಿ ಬೂಶಾ. ಬೂಶಾ ಎಂದರೆ ಅಜ್ಜಿ. ಬೀದಿಗೆಲ್ಲ ಆಕೆ ಬೂಶಾ. ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಜಪಮಾಲೆ ಹಿಡಿದು ಕೂತಿರುವ ಮುದುಕಿ ಅಳಿಯನ ಜತೆ ಮಾತು ಬಿಟ್ಟಳು. ಊಟಕ್ಕೆ ಬೀಟ್‌ರೂಟ್ ಸಾರು ಮಾತ್ರ ಮಾಡಿ, ಅದನ್ನೂ ಮಾತಿಲ್ಲದೆ ಕುಕ್ಕುತ್ತಿದ್ದಳು.

ಇದಾದ ಕೆಲವೇ ದಿನಕ್ಕೆ ಝೆನೋನ್ ಮತ್ತೆ ಚಪ್ಪಲಿಯಲ್ಲಿ ಓಡಿ ಬಂದ. ಈ ಸಲ ಮುಖದಲ್ಲಿ ಹಬ್ಬ.

"ತುಂಬಿದೆ! ಡಬ್ಬಿ ತುಂಬಿದೆ! ಅವಳು ಅಲ್ಲಿದಾಳೆ, ಡಬ್ಬಿ ಇಲ್ಲಿ ತುಂಬ್ತಿದೆ. ಅವಳಲ್ಲ ಕಣೋ! ನನ್ನ ಬ್ರೋನಿಯಾ ಅಲ್ಲ!"

ನನ್ನ ಮುಂದೆಯೇ ಫೋನ್ ಮಾಡಿದ. "ಬ್ರೋನಿಯಾ, ನೀನು ನಿರಪರಾಧಿ! ಡಬ್ಬಿ ನಿನ್ನ ಪರವಾಗಿ ಹೇಳಿದೆ!"

ಅತ್ತಲಿಂದ ಬಂದ ಉತ್ತರ ನನಗೂ ಕೇಳಿಸಿತು. "ನಾನು ಒಳ್ಳೆಯೋಳು ಅಂತ ಡಬ್ಬಿ ಹೇಳ್ಬೇಕಾ? ಹಾಗಾದ್ರೆ ಅದರ ಜೊತೆಗೇ ಸಂಸಾರ ಮಾಡ್ಕೋ." ಫೋನ್ ಕಟ್ಟಾಯಿತು.

ಝೆನೋನ್ ಕುರ್ಚಿಯಲ್ಲಿ ಕುಸಿದ. ಕಳ್ಳನನ್ನು ಹಿಡಿದು ತೋರಿಸದ ಹೊರತು ಅವಳು ಬರುವುದಿಲ್ಲವೆಂದು ಅವನೇ ತೀರ್ಮಾನಿಸಿ, ಪೊಲೀಸ್ ಠಾಣೆಗೆ ಹೋದ. ಜತೆಗೆ ಮಂಡಳಿಯೂ ಹೋಯಿತು. ಅಲ್ಲಿ ಕೂತಿದ್ದವಳು ಆಫೀಸರ್ ಟ್ವಾರ್ಡಿ. ಪೇಂಟ್ ವಿಭಾಗದ ಟ್ವಾರ್ಡಿಯ ಮಗಳು, ಆದ್ದರಿಂದ ನಮ್ಮವಳೇ.

"ಪೊಕ್ರಿವ್ಕಾ ಅಂಕಲ್, ಏನು ಕಳುವಾಗಿದೆ?"

"ಏನೂ ಇಲ್ಲಮ್ಮ."

"ಮತ್ತೆ?"

"ಬಂದು ಸೇರ್ತಾ ಇದೆ." ಡಬ್ಬಿಯನ್ನು ಅವಳ ಮೇಜಿನ ಮೇಲಿಟ್ಟ.

ಆಫೀಸರ್ ಟ್ವಾರ್ಡಿ ಬಗ್ಗಿ ಮೂಸಿ, ಹಿಂದಕ್ಕೆ ಸರಿದು, ತನ್ನ ಕಾಫಿ ಲೋಟವನ್ನು ದೂರ ಸರಿಸಿದಳು. ಆಮೇಲೆ ಸ್ಟಾಶ್ ಸೀಟಿನ ಬಗ್ಗೆ, ಲೆಯಾನ್ ರಬ್ಬರಿನ ಬಗ್ಗೆ ಇಬ್ಬರೂ ಒಟ್ಟಿಗೇ ಸಾಕ್ಷಿ ನುಡಿದರು. ನಾನು ಕಿಟಕಿಯ ಗಾಜು ಮಾತ್ರ ಶುಭ್ರವಾಗಿತ್ತೆಂದು ಪ್ರಮಾಣ ಮಾಡಿದೆ. ಹುಡುಗಿಗೆ ನಗು ತಡೆಯುವುದು ಕಷ್ಟವಾಗಿದ್ದರೂ ಸಮವಸ್ತ್ರದ ಗೌರವ ಬಿಡಲಿಲ್ಲ.

"ಸರಿ. ನಾಳೆ ಬೆಳಗಿನ ಜಾವ ಗ್ಯಾರೇಜಲ್ಲಿ ಅಡಗಿ ಕೂರೋಣ. ಕೀ ಮೊಳೆಯಲ್ಲೇ ಇರ್ಲಿ. ಅಂಕಲ್, ನೀವು ಮಾತ್ರ ನಮ್ಮ ಜೊತೆ ಬೇಡ. ಕಳ್ಳನಿಗೆ ಅನುಮಾನ ಬರಬಾರದು. ಏನೂ ಗೊತ್ತಿಲ್ಲದೋರ ಹಾಗೆ, ದಿನಾ ಹೇಗಿರ್ತೀರೋ ಹಾಗೇ ಇದ್ಬಿಡಿ. ಅರ್ಥ ಆಯ್ತಾ?"

"ದಿನಾ ಹೇಗಿರ್ತೀನೋ ಹಾಗೇ," ಎಂದ ಝೆನೋನ್, ಪ್ರಮಾಣವಚನ ತೆಗೆದುಕೊಳ್ಳುವವನಂತೆ.

ಮರುದಿನ ಪೋಂಚ್ಕಿ ಮಂಗಳವಾರ, ಉಪವಾಸಕ್ಕೆ ಮುಂಚಿನ ಕೊನೆಯ ದಿನ. ಹೊರಗೆ ಮೂಗು ಮರಗಟ್ಟುವ ಚಳಿ. ಗ್ಯಾರೇಜಿನಲ್ಲಿ ಹಿಮ ತಳ್ಳುವ ಯಂತ್ರದ ಹಿಂದೆ ಆಫೀಸರ್ ಟ್ವಾರ್ಡಿ, ಹೆಪ್ಪುಗಟ್ಟಿದ ಕೆರೆಯ ಮೇಲೆ ಕೂತು ಮೀನು ಹಿಡಿಯುವ ಡೇರೆಯೊಳಗೆ ಲೆಯಾನ್ ಮತ್ತು ನಾನು, ದೊಣ್ಣೆಯಂಥ ಒಂದು ಬೌಲಿಂಗ್ ಪಿನ್ನು ಹಿಡಿದು ಕಾರಿನ ಹಿಂದಿನ ಸೀಟಿನ ಕೆಳಗೆ ಸ್ಟಾಶ್. "ಸೀಟಿನ ಕೆಳಗಿನ ಜಾಗ ನನ್ನಷ್ಟು ಬಲ್ಲವನು ಯಾರೂ ಇಲ್ಲ," ಎಂದು ಅವನೇ ಹಟ ಹಿಡಿದಿದ್ದ.

ಹೊತ್ತು ಮೂಡುವ ಮುಂಚೆ ಮನೆಯ ಕಡೆಯ ಬಾಗಿಲು ಕಿರುಗುಟ್ಟಿತು. ಹೆಜ್ಜೆ. ಕೀ ಗೊಂಚಲಿನ ಸದ್ದು. ಗುಂಡಿ ಒತ್ತಿದೊಡನೆ ಗ್ಯಾರೇಜಿನ ದೊಡ್ಡ ಬಾಗಿಲು ಮೇಲೇರಿತು. ಮಸುಕು ಬೆಳಕಿನಲ್ಲಿ ಭಾರವಾದ ಒಂದು ಆಕಾರ, ಒಂದು ಕೈಯಲ್ಲಿ ಕಾಗದದ ಪೊಟ್ಟಣ, ಕಾರಿನ ಬಾಗಿಲು ತೆಗೆದು ಎಡಕ್ಕೆ ವಾಲಿ ಕೂತಿತು. ಇಂಜಿನ್ ಗುರುಗುಟ್ಟಿತು. ಹೀಟರ್ ಬುಸ್ಸೆಂದಿತು. ಪೊಟ್ಟಣ ಸರಬರ ಎಂದಿತು. ತಿನ್ನುವ ಸದ್ದು.

"ಹಿಡೀರೋ!" ಎಂದು ಸ್ಟಾಶ್ ಹಿಂದಿನಿಂದ ಎದ್ದ. ಟ್ವಾರ್ಡಿ ಟಾರ್ಚು ಬಿಟ್ಟಳು. ಲೆಯಾನ್ ಓಡುವ ರಭಸಕ್ಕೆ ಡೇರೆ ಸಮೇತ ಹೊರಟು, ನಾನೂ ಅದರೊಳಗಿದ್ದೆನಾದ್ದರಿಂದ ಇಬ್ಬರೂ ಬಾನೆಟ್ಟಿನ ಮೇಲೆ ಬಿದ್ದೆವು.

"ಅಯ್ಯೋ! ನಾನು ಕಣ್ರೋ! ನಾನು!" ಬಾಯಿ ತುಂಬ ಪೋಂಚ್ಕಿ ಇಟ್ಟುಕೊಂಡು ಝೆನೋನ್ ಕಿರುಚಿದ.

"ನೀನು ಅಂತ ಕಾಣ್ತಿದೆ. ಇಲ್ಲೇನು ಮಾಡ್ತಿದೀಯ?" ಎಂದ ಸ್ಟಾಶ್ ಪಿನ್ನು ಎತ್ತಿಕೊಂಡೇ.

"ದಿನಾ ಇರೋ ಹಾಗೆ ಇರು ಅಂದ್ರಲ್ಲ! ದಿನಾ ಬರ್ತೀನಿ, ಡಬ್ಬಿ ನೋಡೋದಕ್ಕೆ."

"ನೋಡೋದಕ್ಕೆ ಇಂಜಿನ್ ಯಾಕೆ ಅಂಕಲ್?" ಎಂದಳು ಟ್ವಾರ್ಡಿ.

"ಒಳ್ಳೆ ಕೇಳ್ದೆ. ಚೂರು ಹೊತ್ತು ಇಂಜಿನ್ ಓಡದೇ ಇದ್ರೆ ತೇಗು ಬರೋದು ಹೇಗೆ? ತೇಗು ಬರದೇ ಡಬ್ಬಿ ತುಂಬೋ..."

ಮಾತು ಅಲ್ಲಿಗೆ ನಿಂತಿತು. ಇಂಜಿನ್ ಮಾತ್ರ ಓಡುತ್ತಿತ್ತು. ಝೆನೋನ್ ಕೈಯಲ್ಲಿದ್ದ ಅರ್ಧ ಪೋಂಚ್ಕಿಯನ್ನು ನೋಡಿದ; ಸಕ್ಕರೆ ಪುಡಿ ಬಾಗಿಲ ರಬ್ಬರಿನ ಮೇಲೆ ಸೋನೆಯಂತೆ ಉದುರುತ್ತಿತ್ತು. ಸ್ಟಾಶ್ ಮುಂದೆ ಬಗ್ಗಿ, ಝೆನೋನನ ಪ್ಯಾಂಟಿನ ಬಲ ಹಿಂಜೇಬಿನಿಂದ ಇಟ್ಟಿಗೆಯಷ್ಟು ದಪ್ಪದ ಪರ್ಸು ಎಳೆದ. ಅದನ್ನು ಎಳೆದೊಡನೆ ಝೆನೋನ್ ಜೀವಮಾನದಲ್ಲಿ ಮೊದಲ ಬಾರಿಗೆ ನೆಟ್ಟಗೆ ಕೂತ.

"ಮತ್ತೆ ಪೋಂಚ್ಕಿ?" ಎಂದ ಲೆಯಾನ್ ಡೇರೆಯೊಳಗಿನಿಂದ.

"ಅವಳ ಮುಂದೆ ತಿಂದ್ರೆ ಅವಳಿಗೆ ಆಸೆ ಆಗತ್ತಲ್ಲ. ಪಾಪ, ತಿನ್ನೋ ಹಾಗಿಲ್ಲ. ಅದಕ್ಕೇ ಇಲ್ಲಿ..." ಝೆನೋನನ ದನಿ ಇಳಿದುಹೋಯಿತು.

ಮೇಲಿನ ಕಿಟಕಿ ದಡಾರನೆ ತೆರೆಯಿತು. ಬೂಶಾ ಜಪಮಾಲೆ ಸಮೇತ ತಲೆ ಹೊರಹಾಕಿದಳು. ಎಷ್ಟೋ ದಿನದ ಮೌನ ಒಟ್ಟಿಗೇ ಮುರಿಯಿತು. "ಆರಿಸೋ ಅದನ್ನ! ಕ್ರಿಸ್ಮಸ್‌ನಿಂದ ಕೂಗಿ ಕೂಗಿ ಸಾಕಾಯ್ತು, ದಿನಾ ಈ ಹೊಗೆ ನನ್ನ ಕೋಣೆಗೆ ಬರತ್ತೆ ಅಂತ! ಈಗಂತೂ ದಿನಕ್ಕೆ ಮೂರು ಸಲ! ಮುದುಕಿ ಮಾತು ಯಾರಿಗೆ ಬೇಕು? ಡಬ್ಬಿ ಮಾತು ಕೇಳ್ತಾರೆ!"

ಆಫೀಸರ್ ಟ್ವಾರ್ಡಿ ಯಾರನ್ನೂ ಬಂಧಿಸಲಿಲ್ಲ. ಸಾಕ್ಷ್ಯವೆಂದು ಉಳಿದ ಪೋಂಚ್ಕಿಗಳನ್ನು ವಶಪಡಿಸಿಕೊಂಡು ಹೋದಳು.

ಝೆನೋನ್ ಗ್ಯಾರೇಜಿನಲ್ಲೇ ನಿಂತು ಫೋನ್ ಮಾಡಿದ. ನಾವು ದೂರ ಹೋದಂತೆ ಮಾಡಿ ಹತ್ತಿರವೇ ನಿಂತೆವು.

"ಬ್ರೋನಿಯಾ, ಕಳ್ಳ ಸಿಕ್ಕಿದ."

"ಯಾರಂತೆ?"

"ನಾನು."

ಅತ್ತಲಿಂದ ಒಂದು ಸದ್ದು ಬಂತು, ಅದು ಅಳುವೋ ನಗುವೋ ತಿಳಿಯಲಿಲ್ಲ. "ಬರ್ತೀನಿ," ಎಂದಳು ಕೊನೆಗೆ. "ಒಂದು ಮಾತಿದೆ. ನೀನು ಬಂದು ಕರ್ಕೊಂಡು ಹೋಗ್ಬೇಕು. ಹೊಸ ಕಾರಲ್ಲಿ."

"ಹೊಸ... ಬ್ರೋನಿಯಾ, ನಿನ್ನೆ ರಾತ್ರಿಯೆಲ್ಲ ಉಪ್ಪು ಹಾಕಿದಾರೆ. ಹೆದ್ದಾರಿ ಬೆಳ್ಳಗಿದೆ."

"ಗೊತ್ತು. ಇಲ್ಲೂ ಬೆಳ್ಳಗಿದೆ."

ಝೆನೋನ್ ಕಾರನ್ನು ನೋಡಿದ. ಆಮೇಲೆ ಒಳಗೆ ಹೋಗಿ ಒಳ್ಳೆಯ ಕೋಟು ಹಾಕಿಕೊಂಡು ಬಂದು, ಪರ್ಸನ್ನು ಎದೆಯ ಜೇಬಿಗಿಟ್ಟು, ಕಾರು ಹೊರತೆಗೆದ. ಚೆರ್ರಿ ಬಣ್ಣದ ಕಾರು ಉಪ್ಪಿನ ರಸ್ತೆಗೆ ಇಳಿದಾಗ ಲೆಯಾನ್ ಟೋಪಿ ತೆಗೆದು ಎದೆಗೊತ್ತಿಕೊಂಡ. ಅಷ್ಟು ಉದ್ದದ ದಾರಿಯಲ್ಲಿ ಇಂಜಿನ್ ಮೊದಲ ಸಲ ಹೊಟ್ಟೆಯೊಳಗಿನವರೆಗೂ ಬಿಸಿಯಾಗಿ, ತನ್ನ ಬೆವರನ್ನೆಲ್ಲ ತಾನೇ ಆರಿಸಿಕೊಂಡಿರಬೇಕು. ಸಂಜೆ ಇಬ್ಬರೂ ಮರಳಿದರು. ಬೂದು ಕಾರನ್ನು ತಂಗಿಯ ಗಂಡ ಆಮೇಲೆ ತಂದುಬಿಡುವುದೆಂದಾಗಿತ್ತು. ಕೆಂಪು ಕಾರು ಉಪ್ಪು ಬಳಿದ ಮೀನಿನಂತೆ ಕಾಣುತ್ತಿತ್ತು. ಝೆನೋನ್ ಮಾತ್ರ ಮದುಮಗನಂತೆ ಇಳಿದು ಅವಳ ಬಾಗಿಲು ತೆರೆದ. ನಾವೆಲ್ಲ ನಮ್ಮ ನಮ್ಮ ಕಿಟಕಿಯಲ್ಲಿ ನಿಂತು ಕಣ್ಣು ಒರೆಸಿಕೊಂಡೆವು.

ಮರುದಿನ ಬೆಳಿಗ್ಗೆ ನನ್ನ ಬಾಗಿಲು ಬಡಿದ ಸದ್ದು. ತೆರೆದರೆ ಹಿಮದಲ್ಲಿ ಚಪ್ಪಲಿ, ಕೈಯಲ್ಲಿ ಡಬ್ಬಿ. ಆದರೆ ಬಂದಿದ್ದವಳು ಬ್ರೋನಿಯಾ.

"ನೋಡು," ಎಂದಳು.

ನೋಡಿದೆ. ತಳದಲ್ಲಿ ಎರಡು ಹನಿ ಎಣ್ಣೆ, ಅಷ್ಟೇ.

"ಗಂಟೆಗಟ್ಟಲೆ ಓಡಿದೆ ಗಾಡಿ. ನಿಲ್ಲಿಸಿದ್ದಾಗ ದಿನಾ ಅರ್ಧ ಡಬ್ಬಿ ತುಂಬ್ತಿದ್ದದ್ದು, ಈಗ ಖಾಲಿ!" ಅವಳು ಹಿಂದೆ ತಿರುಗಿ ತನ್ನ ಮನೆಯ ಕಿಟಕಿ ನೋಡಿ ದನಿ ತಗ್ಗಿಸಿದಳು. "ನನ್ನನ್ನ ಕರೆಯೋಕೆ ಬರೋ ದಾರೀಲಿ ಇವನು ಎಲ್ಲೋ ಇಳಿದು ಇದನ್ನ ಖಾಲಿ ಮಾಡಿದಾನೆ. ಸ್ವಲ್ಪ ಸ್ಟಾಶ್‌ನ ಕರಿ. ನಾನು ಕೂರೋ ಸೀಟಿಗೆ ಒಂದ್ಸಲ ಕೆನ್ನೆ ಇಟ್ಟು ನೋಡ್ಲಿ, ನನಗಿಂತ ಮುಂಚೆ ಯಾರು ಕೂತಿದ್ರು ಅಂತ."